ಅಗೋಗೊ ಆಸ್ಪತ್ರೆಯಲ್ಲಿ ನನ್ನ ಮೊದಲ ದಿನಗಳು

ನಾನು ಉಡುಪಿ ಕಡೆಯ ನರ್ಸ್, ಸಿಎಸ್‌ಐ (ದಕ್ಷಿಣ ಭಾರತ ಕ್ರೈಸ್ತ ಸಭೆ) ಸಭೆಯವಳು. ಘಾನಾ ದೇಶದ ಅಗೋಗೊ ಪ್ರೆಸ್ಬಿಟೇರಿಯನ್ ಆಸ್ಪತ್ರೆಗೆ ಸಭೆಯ ಮೂಲಕ ಸೇವೆಗೆಂದು ಹೋಗಿದ್ದೆ. ನಮಗೂ ಆ ಊರಿಗೂ ಹಳೆಯ ನಂಟು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಅದೇ ಮಿಶನ್ನಿನವರು ಘಾನಾ ಕರಾವಳಿಯಲ್ಲಿ ಇಳಿದಿದ್ದರು. ನಮ್ಮ ಕನ್ನಡಕ್ಕೆ ಕಿಟ್ಟೆಲರು ಇದ್ದ ಹಾಗೆ ಅಲ್ಲಿನ ಟ್ವಿ ಭಾಷೆಗೆ ಕ್ರಿಸ್ಟಾಲರ್. ಅವರ ನಿಘಂಟು ಬಂದದ್ದು 1881ರಲ್ಲಿ. ಉಡುಪಿಯ ಲೊಂಬಾರ್ಡ್ ಮಿಶನ್ ಆಸ್ಪತ್ರೆ 1923ರಲ್ಲಿ ಶುರುವಾಯಿತು, ಅಗೋಗೊದ್ದು 1931ರಲ್ಲಿ.

1828ರಲ್ಲಿ ಹೋಗಿ ಇಳಿದ ನಾಲ್ವರಲ್ಲಿ ಮೂವರು ವರ್ಷ ತುಂಬುವ ಮೊದಲೇ ಕಾಯಿಲೆ ಬಿದ್ದು ತೀರಿಕೊಂಡಿದ್ದರು. ಅದನ್ನು ಓದಿದ್ದರಿಂದ ಆರೋಗ್ಯದ ತಯಾರಿಯಲ್ಲಿ ಸಡಿಲ ಬಿಡಲಿಲ್ಲ. ಮಂಗಳೂರು ಕಡೆಯವರಿಗೆ ಮಲೇರಿಯಾ ಹೊಸತಲ್ಲ, ನಿಜ. ಆದರೆ ನಮ್ಮಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಅನ್ನುವ ಬಗೆ. ಅಲ್ಲಿ ಬಹುಪಾಲು ಫಾಲ್ಸಿಪಾರಂ, ಮೆದುಳಿಗೆ ಏರುವಂಥದ್ದು. ಡಾಕ್ಟರ ಸಲಹೆಯಂತೆ ಮಲೇರಿಯಾ ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆ ಹೊರಡುವ ಮುಂಚೆಯೇ ಶುರು ಮಾಡಿ, ದಿನಾ ಊಟದ ಜೊತೆ ನುಂಗುತ್ತಿದ್ದೆ. ಊರಿಗೆ ಬಂದ ಮೇಲೂ ನಾಲ್ಕು ವಾರ ಬಿಡಬಾರದು. ಹಳದಿ ಜ್ವರದ ಲಸಿಕೆ ಕನಿಷ್ಠ 10 ದಿನ ಮುಂಚೆ ಆಗಿರಬೇಕು. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಯಲ್ಲೇ ಇಟ್ಟುಕೊಳ್ಳಿ. ಅಕ್ರಾದ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ, ತಿರುಗಿ ಬರುವಾಗ ನಮ್ಮವರೂ ಕೇಳುತ್ತಾರೆ.

ಅಕ್ರಾದಿಂದ ಕುಮಾಸಿ ಸುಮಾರು 250 ಕಿಲೋಮೀಟರ್, ಅಲ್ಲಿಂದ ಅಗೋಗೊ ಇನ್ನೂ 80. ಗೆಸ್ಟ್ ಹೌಸ್ ತಲುಪುವಾಗ ಸಂಜೆಯಾಗಿತ್ತು. ಸಭೆಯ ಹಿರಿಯರು ಬೆಂಚಿನಲ್ಲಿ ಸಾಲಾಗಿ ಕೂತಿದ್ದರು. ಒಂದು ಹುಡುಗಿ ನೀರು ತಂದಳು. ನಾನು ಕುಡಿದು ಮುಗಿಸುವ ತನಕ ಯಾರೂ ಏನೂ ಕೇಳಲಿಲ್ಲ. ಆಮೇಲೆ ಹಿರಿಯಮ್ಮ ಒಬ್ಬರು, "ಇಲ್ಲಿ ಎಲ್ಲ ನೆಮ್ಮದಿಯಾಗಿದೆ. ನೀನು ಬಂದ ಸಮಾಚಾರ ಹೇಳಮ್ಮಾ" ಅಂದರು. ನಾನು ಯಾಕೆ ಬಂದೆ ಅಂತ ಪತ್ರದಲ್ಲಿ ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದರೂ ಕೇಳಬೇಕು, ಬಂದವರು ಬಾಯಿಬಿಟ್ಟು ಹೇಳಬೇಕು, ಅದೇ ಅಲ್ಲಿನ ಪದ್ಧತಿ. ಹೊರಟ ಊರು, ಮನೆಯವರ ಕ್ಷೇಮ, ದಾರಿಯ ಕಷ್ಟ, ಬಂದ ಕೆಲಸ ಎಲ್ಲ ಹೇಳಿದೆ. ಪಕ್ಕದಲ್ಲಿದ್ದವರು ಒಂದೊಂದೇ ಮಾತನ್ನು ಟ್ವಿಯಲ್ಲಿ ತಿರುಗಿಸಿ ಹೇಳಿದರು. ನಮ್ಮ ತುಳುನಾಡಿನ ಮನೆಗಳಲ್ಲಿ ಬಂದವರಿಗೆ ಬೆಲ್ಲ-ನೀರು ಕೊಟ್ಟು ಕೂರಿಸಿ ಆಮೇಲೆ ಮಾತಾಡಿಸುವ ಹಾಗೆಯೇ. ಆ ಹೊತ್ತಿನಲ್ಲೇ ನನ್ನ ಎದೆಯ ಅರ್ಧ ಭಾರ ಇಳಿಯಿತು.

ಹೊರದೇಶಕ್ಕೆ ಸೇವೆಗೆ ಹೋಗುವ ನಮ್ಮ ಸಭೆಯ ಮಕ್ಕಳಿಗೆ ನಾನು ಹೇಳುವುದು ಇದನ್ನೇ: ಮೊದಲ ವಾರ ನೆಂಟರಾಗಿ ಇರಿ. ಕೆಲಸ ಎಲ್ಲಿಗೂ ಓಡಿಹೋಗುವುದಿಲ್ಲ. ಹೇಗೂ ಅಲ್ಲಿನ ನರ್ಸಿಂಗ್ ಕೌನ್ಸಿಲ್ಲಿನ ಅನುಮತಿ ಕೈಗೆ ಬರುವ ತನಕ ರೋಗಿಯ ಮೈ ಮುಟ್ಟುವಂತಿರಲಿಲ್ಲ. ಆ ದಿನಗಳಲ್ಲಿ ನಾನು ಬೆಳಿಗ್ಗೆ ಎದ್ದು ದಾರಿಯಲ್ಲಿ ಸಿಕ್ಕಿದವರಿಗೆಲ್ಲ "ಮಾಚಿ" ಅಂತ ನಮಸ್ಕಾರ ಹೇಳಿಕೊಂಡು ಆಸ್ಪತ್ರೆಯ ತನಕ ನಡೆಯುತ್ತಿದ್ದೆ. ಗುಂಪು ಕೂತಿದ್ದರೆ ಬಲಗಡೆಯವರಿಂದ ಶುರು ಮಾಡಿ ಎಡಕ್ಕೆ ಒಬ್ಬೊಬ್ಬರ ಕೈ ಕುಲುಕಬೇಕು. ಎಡಗೈಯಲ್ಲಿ ಏನನ್ನೂ ಕೊಡಬಾರದು, ತಗೊಳ್ಳಬಾರದು. ಅದು ನಮಗೆ ಕಲಿಸಬೇಕಾದ ಪಾಠವಲ್ಲ.

ಊಟವೂ ಕೈಯಲ್ಲೇ. ಮರಗೆಣಸು, ಬಾಳೆಕಾಯಿ ಬೇಯಿಸಿ ಒರಳಲ್ಲಿ ಕುಟ್ಟಿದ ಫುಫು, ಅದರ ಮೇಲೆ ಖಾರದ ಸಾರು. ಚಿಕ್ಕ ತುತ್ತು ಮುರಿದು ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು. ಕೆಸುವಿನಂಥ ಸೊಪ್ಪಿನ ಪಲ್ಯ ಕೊಂಟೊಮಿರೆ ಸಿಕ್ಕಿದ ದಿನ ನನಗೆ ಹಬ್ಬ. ನೀರು ಮಾತ್ರ 500 ಮಿಲಿಯ ಪ್ಯಾಕೆಟ್ಟಿನದ್ದೇ ಕುಡಿದೆ.

ಭಾನುವಾರದ ಆರಾಧನೆಯಲ್ಲಿ ಕಾಣಿಕೆ ಎತ್ತುವುದು ಹುಟ್ಟಿದ ವಾರದ ಲೆಕ್ಕದಲ್ಲಿ. ಸೋಮವಾರದವರು, ಮಂಗಳವಾರದವರು ಹೀಗೆ ಸರದಿಯಲ್ಲಿ ಕುಣಿಯುತ್ತಾ ಮುಂದೆ ಬರುತ್ತಾರೆ. ಯಾವ ವಾರದವರದ್ದು ಹೆಚ್ಚಾಯಿತು ಅಂತ ಕೊನೆಗೆ ಕೂಗಿ ಹೇಳುತ್ತಾರೆ. ನಾನು ಹುಟ್ಟಿದ ವಾರ ಯಾವುದು ಅಂತ ಹಿಂದಿನ ರಾತ್ರಿಯೇ ಹಿರಿಯಮ್ಮ ಕೇಳಿದ್ದರು. ಅಮ್ಮನಿಗೆ ಫೋನ್ ಮಾಡಿದರೆ ಗುರುವಾರ ಅಂದಳು. ಗುರುವಾರ ಹುಟ್ಟಿದ ಹೆಣ್ಣಿಗೆ ಅಲ್ಲಿ ಯಾ ಅಂತ ಹೆಸರು. ಗುರುವಾರದವರ ಸಾಲಿನಲ್ಲಿ ನಾನೂ ಕರ್ಚೀಫು ಬೀಸುತ್ತಾ ಮುಂದೆ ಹೋದೆ. ಸೋಮವಾರ ವಾರ್ಡಿಗೆ ಕಾಲಿಟ್ಟಾಗ ಆಯಾಗಳು, ರೋಗಿಗಳ ತಾಯಂದಿರು ಎಲ್ಲರೂ "ಸಿಸ್ಟರ್ ಯಾ" ಅಂತ ಕರೆಯುವವರೇ. ಹೊರಗಿನವರನ್ನು ಕರೆಯುವ "ಒಬ್ರೋನಿ" ಮಕ್ಕಳ ಬಾಯಲ್ಲಿ ಮಾತ್ರ ಉಳಿಯಿತು.

ಅನುಮತಿ ಬಂದ ಮೇಲೆ ಮಕ್ಕಳ ವಾರ್ಡ್ ಕೊಟ್ಟರು. ಜ್ವರ ಏರಿ ಎಚ್ಚರ ತಪ್ಪಿದ ಕೂಸುಗಳು, ರಕ್ತ ಕಡಿಮೆಯಾಗಿ ಅಂಗೈ ಬೆಳ್ಳಗಾದವು. ಮಲೇರಿಯಾದ ಇಂಜೆಕ್ಷನ್ ಆರ್ಟೆಸುನೇಟ್ ಪುಡಿಗೆ ಮೊದಲು ಬೈಕಾರ್ಬನೇಟ್ ಸೇರಿಸಿ ತಿಳಿಯಾಗುವ ತನಕ ಅಲ್ಲಾಡಿಸಬೇಕು, ಆಮೇಲೆ ಸಲೈನ್. ಕಲಸಿದ್ದನ್ನು ಒಂದು ಗಂಟೆಯೊಳಗೆ ಕೊಟ್ಟು ಮುಗಿಸಬೇಕು. 20 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಕಿಲೋಗೆ 3 ಮಿಲಿಗ್ರಾಂ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ನನ್ನ ಕೈಯನ್ನೇ ನೋಡುತ್ತಾ ನಿಂತರು. ಮೊದಲ ಮಗುವಿಗೆ ಕೊಟ್ಟಾದ ಮೇಲೆ, "ಮುಂದಿನ ಬೆಡ್ಡು ನಿನ್ನದೇ, ಯಾ" ಅಂದು ಔಷಧಿ ಚಾರ್ಟನ್ನು ನನ್ನ ಕೈಗೆ ಕೊಟ್ಟು ಪಕ್ಕದ ಸಾಲಿಗೆ ಹೋದರು.