ಕೊಳಕ್ಕೆ, ಮೀನಿನ ತೊಟ್ಟಿಗೆ ಪಂಪು ಕೊಳ್ಳುವಾಗ

ಅಂಗಡಿಯಲ್ಲಿ "ಒಂದು ಸಬ್‌ಮರ್ಸಿಬಲ್ ಪಂಪು ಕೊಡಿ" ಎಂದಷ್ಟೇ ಕೇಳಿದರೆ ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಸಾಮಾನ್ಯವಾಗಿ ಕೈಗೆ ಬರುವುದು 18 ವ್ಯಾಟಿನ ಕೂಲರ್ ಪಂಪು. ಡಬ್ಬಿಯ ಮೇಲೆ ಗಂಟೆಗೆ 1100 ಲೀಟರ್, ಎತ್ತರ 1.85 ಮೀಟರ್ ಎಂದಿರುತ್ತದೆ. ಎರಡೂ ಅಂಕಿ ಸರಿಯೇ, ಆದರೆ ಎರಡೂ ಒಟ್ಟಿಗೆ ಸಿಗುವುದಿಲ್ಲ. ನೀರನ್ನು ಮೇಲಕ್ಕೆ ಎತ್ತದೇ ಇದ್ದಾಗ ಬರುವುದು 1100 ಲೀಟರ್. ಪೈಪನ್ನು 1.85 ಮೀಟರ್ ಏರಿಸಿದರೆ ನೀರು ಪೈಪಿನ ಬಾಯಿವರೆಗೆ ಬಂದು ನಿಲ್ಲುತ್ತದೆ, ಒಂದು ಹನಿಯೂ ಆಚೆ ಬೀಳುವುದಿಲ್ಲ. ಅರ್ಧ ಎತ್ತರಕ್ಕೆ ಹೆಚ್ಚುಕಡಿಮೆ ಅರ್ಧ ನೀರು ಎಂದು ಲೆಕ್ಕ ಹಿಡಿಯಿರಿ. ಒಳ್ಳೆಯ ಕಂಪನಿಯ ಪಂಪಾದರೆ ಯಾವ ಎತ್ತರಕ್ಕೆ ಎಷ್ಟು ನೀರು ಎಂಬ ಗ್ರಾಫು ಡಬ್ಬಿಯಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಬೆಲೆ ಕೇಳುವ ಮೊದಲು ಅದನ್ನು ಕೇಳಿ.

ಎಷ್ಟು ನೀರು ಬೇಕು

ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಗೆ 56 ಲೀಟರ್ ಬರುತ್ತದೆ. ಜಲ್ಲಿಕಲ್ಲು ಮತ್ತು ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾಗಿ ಉಳಿಯುವುದು ಸುಮಾರು 45. ತೊಟ್ಟಿಯ ನೀರು ಗಂಟೆಗೆ ನಾಲ್ಕೈದು ಸಲ ಫಿಲ್ಟರ್ ಹಾಯಬೇಕು, ಅಂದರೆ ಸುಮಾರು 225 ಲೀಟರ್. ಸ್ಪಂಜು ಕೊಳೆ ಕಟ್ಟಿದಾಗ ಹರಿವು ಇಳಿಯುವುದರಿಂದ 350-400 ಲೀಟರಿನದು ತೆಗೆದುಕೊಳ್ಳಿ. ಗೋಲ್ಡ್ ಫಿಶ್ ಗಲೀಜು ಜಾಸ್ತಿ ಮಾಡುತ್ತದೆ, ಇನ್ನೂ ಸ್ವಲ್ಪ ದೊಡ್ಡದು ಹಾಕಿದರೂ ನಡೆಯುತ್ತದೆ. ಫೈಟರ್ ಮೀನಿಗೆ ಮಾತ್ರ ಜೋರು ಹರಿವು ಆಗದು, ಅದರ ಉದ್ದ ರೆಕ್ಕೆಗಳು ನೀರಿನ ಜೊತೆ ಎಳೆದಾಡಿ ಮೀನು ಸುಸ್ತಾಗುತ್ತದೆ.

ಕೊಳದ ಲೆಕ್ಕ ಬೇರೆ. ಕೊಯ್ ಮೀನು ಸಾಕುವವರು ಇಡೀ ಕೊಳದ ನೀರನ್ನು ಗಂಟೆಗೊಮ್ಮೆ ತಿರುಗಿಸಬೇಕು. ತಾವರೆ, ನಾಲ್ಕು ಗಪ್ಪಿ ಅಷ್ಟೇ ಇದ್ದರೆ ಎರಡು ಗಂಟೆಗೊಮ್ಮೆ ಸಾಕು. ತಾವರೆಗೆ ನಿಂತ ನೀರೇ ಇಷ್ಟ, ಕಾರಂಜಿಯ ಹನಿ ಎಲೆ ಮೇಲೆ ಬೀಳದಷ್ಟು ದೂರದಲ್ಲಿ ಪಂಪು ಇಡಿ.

ಹೋಂಸ್ಟೇ ಅಂಗಳದಲ್ಲಿ ಮಾಡಿಸುವಂಥ ಒಂದು ಕೊಳ ಇಟ್ಟುಕೊಳ್ಳೋಣ: 10 ಅಡಿ ಉದ್ದ, 6 ಅಡಿ ಅಗಲ, ಎರಡೂವರೆ ಅಡಿ ಆಳ. ಸುಮಾರು 4250 ಲೀಟರ್. ಒಂದು ಬದಿಯಲ್ಲಿ ಕಲ್ಲು ಜೋಡಿಸಿ, ನೀರಿನ ಮಟ್ಟದಿಂದ ನಾಲ್ಕಡಿ ಮೇಲಿಂದ ಜಲಪಾತ. ನೀರು ಅಲ್ಲಲ್ಲಿ ಹರಿಯದೆ ಪರದೆಯಂತೆ ಬೀಳಬೇಕಾದರೆ ಅಂಚಿನ ಪ್ರತಿ ಅಡಿ ಅಗಲಕ್ಕೆ ಗಂಟೆಗೆ ಸುಮಾರು 4500 ಲೀಟರ್ ಬೇಕು. ಆದ್ದರಿಂದ ಈ ಕೊಳಕ್ಕೆ ಒಂದಡಿಗಿಂತ ಅಗಲದ ಜಲಪಾತದ ಆಸೆ ಬೇಡ. ಮೂರಡಿ ಅಂಚು ಕಟ್ಟಿಸಿ ಆಮೇಲೆ ಪಂಪನ್ನು ಬೈದು ಪ್ರಯೋಜನವಿಲ್ಲ.

ಎತ್ತರ ಅಳೆಯುವುದು ನೀರಿನ ಮೇಲ್ಮಟ್ಟದಿಂದ, ಪಂಪು ಕೂತ ತಳದಿಂದ ಅಲ್ಲ. ಇಲ್ಲಿ ನಾಲ್ಕಡಿ, ಅಂದರೆ 1.2 ಮೀಟರ್. ಇದಕ್ಕೆ ಪೈಪಿನ ಘರ್ಷಣೆ ಸೇರಬೇಕು, ಹೆಚ್ಚಿನವರು ಎಡವುವುದು ಇಲ್ಲಿಯೇ. ಗಂಟೆಗೆ 4250 ಲೀಟರನ್ನು ಐದು ಮೀಟರ್ ಉದ್ದದ ಒಂದಿಂಚು ಪೈಪು, ಎರಡು ಎಲ್ಬೋ ಮೂಲಕ ತಳ್ಳಿದರೆ ಘರ್ಷಣೆಯೇ ಸುಮಾರು ಎರಡು ಮೀಟರ್ ನುಂಗುತ್ತದೆ. ಅದೇ ಒಂದೂವರೆ ಇಂಚಿನ ಪೈಪಾದರೆ ಕಾಲು ಮೀಟರ್ ಆಸುಪಾಸು. ಪಂಪಿನ ಬಾಯಿ ಒಂದಿಂಚು ಇದ್ದರೂ ರೆಡ್ಯೂಸರ್ ಹಾಕಿ ದೊಡ್ಡ ಪೈಪಿಗೆ ಹೋಗಿ. ಪ್ಲಂಬರ್ ಹತ್ತಿರ ಉಳಿದ ಒಂದಿಂಚು ಪೈಪು ಇದೆ ಎಂದು ಅದಕ್ಕೆ ಒಪ್ಪಿಕೊಳ್ಳಬೇಡಿ. ಮೂಲೆಗಳಲ್ಲಿ ನೇರ ಎಲ್ಬೋ ಬದಲು ಉದ್ದ ಬೆಂಡು ಅಥವಾ ಹೋಸ್ ಪೈಪು ಇನ್ನೂ ಒಳ್ಳೆಯದು.

ಒಟ್ಟು ಎತ್ತರ ಈಗ ಒಂದೂವರೆ ಮೀಟರ್ ಆಯಿತು. ಒಂದೂವರೆ ಮೀಟರ್ ಎತ್ತರದಲ್ಲಿ 4250 ಲೀಟರ್ ಕೊಡಬೇಕಾದರೆ, ಗರಿಷ್ಠ ಎತ್ತರ ಮೂರೂವರೆ ಮೀಟರಿಗೆ ಕಡಿಮೆ ಇಲ್ಲದ, ಗರಿಷ್ಠ ಹರಿವು 7000ದಿಂದ 8000 ಲೀಟರ್ ಇರುವ ಪಂಪು ಬೇಕಾಗುತ್ತದೆ. 4500 ಲೀಟರ್ ಎಂದು ಬರೆದ ಡಬ್ಬಿ ಹೊತ್ತು ತಂದರೆ ಅರ್ಧ ನೀರೂ ಕಷ್ಟ.

ಯಾವ ಬಗೆ

ತೋಟದಲ್ಲಿ ಹೇಗೂ ಇದೆಯಲ್ಲ ಎಂದು ಅರ್ಧ ಎಚ್‌ಪಿ ಓಪನ್‌ವೆಲ್ ಪಂಪನ್ನು ಮೀನಿನ ಕೊಳಕ್ಕೆ ಇಳಿಸಬೇಡಿ. ಅದು ಎತ್ತರಕ್ಕೆ ನೀರೆತ್ತಲು ಮಾಡಿದ್ದು. ದಿನವಿಡೀ ಓಡಿದರೆ 12 ಯೂನಿಟ್‌ಗೆ ಕಡಿಮೆ ಕರೆಂಟು ಎಳೆಯುವುದಿಲ್ಲ. ಅದರಲ್ಲೂ ಎಣ್ಣೆ ತುಂಬಿದ ಮೋಟಾರಿನ ಸೀಲು ಹೋದರೆ ಎಣ್ಣೆ ನೀರಿಗೆ ಸೋರಿ ಮೀನು ಸಾಯುತ್ತವೆ. ಕೊಳಕ್ಕೆ ಬೇಕಾದದ್ದು ಮ್ಯಾಗ್ನೆಟ್ ರೋಟರ್ ಇರುವ, ಎಣ್ಣೆ ಇಲ್ಲದ, ರಾಳ ಸುರಿದು ಮುಚ್ಚಿದ ಪಂಪು. 80 ವ್ಯಾಟಿನದಾದರೆ ದಿನಕ್ಕೆ 1.9 ಯೂನಿಟ್, ತಿಂಗಳಿಗೆ 58. ನಿಲ್ಲದೆ ಓಡುವ ಯಂತ್ರ ಇದು, ಹಾಗಾಗಿ ಕೊಳ್ಳುವಾಗ ಸಾವಿರ ರೂಪಾಯಿ ಉಳಿಸುವುದಕ್ಕಿಂತ ವ್ಯಾಟ್ ಕಡಿಮೆ ಇರುವುದನ್ನು ನೋಡುವುದು ಜಾಣತನ. ಕೂಲರ್ ಪಂಪು ಹಗಲು ಮೂರು ತಾಸು ಕಾರಂಜಿ ಆಡಿಸಲು ಅಡ್ಡಿಯಿಲ್ಲ, ಫಿಲ್ಟರ್‌ಗೆ ಬೇಡ.

ಆನ್‌ಲೈನಿನಲ್ಲಿ ತರಿಸುವಾಗ 220-240 ವೋಲ್ಟ್, 50 ಹರ್ಟ್ಸ್ ಎಂದಿದೆಯೇ ನೋಡಿ. 60 ಹರ್ಟ್ಸಿನ ಅಂಕಿ ಬರೆದಿದ್ದರೆ ಇಲ್ಲಿ ಅಷ್ಟು ನೀರು ಬರುವುದಿಲ್ಲ. ವಯರು ಹತ್ತು ಮೀಟರ್ ಇರಲಿ, ನೀರಿನೊಳಗೆ ಜಾಯಿಂಟ್ ಮಾಡುವ ಪ್ರಮೇಯವೇ ಬರಬಾರದು. ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ. ಸಿಗುವುದಾದರೆ ಅದನ್ನೂ ಒಂದು ತಂದಿಟ್ಟುಕೊಳ್ಳಿ.

ಎಲೆ, ಸುಣ್ಣ, ಕರೆಂಟು

ಕಾಫಿ ತೋಟದ ನಡುವಿನ ಕೊಳಕ್ಕೆ ದೊಡ್ಡ ಶತ್ರು ಸಿಲ್ವರ್ ಓಕ್. ಅದರ ಎಲೆ ಜರೀಗಿಡದ ಹಾಗೆ ಸೀಳುಸೀಳು. ಒಂದು ಎಲೆ ಜಾಲರಿಗೆ ಅಡ್ಡ ಕೂತರೆ ಮುಂದಿನದು ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಕೊನೆಗೆ ಚಾಪೆಯಂತಾಗಿ ಜಾಲರಿ ಪೂರಾ ಮುಚ್ಚುತ್ತದೆ. ಪಂಪಿನ ಜೊತೆ ಬರುವ ಜಾಲರಿ ಇದಕ್ಕೆ ಯಾತಕ್ಕೂ ಸಾಲದು. ಟೊಮೆಟೊ ಕ್ರೇಟಿಗೆ ಸೊಳ್ಳೆಪರದೆ ಸುತ್ತಿ ಒಳಗೆ ಪಂಪು ಇಟ್ಟರೆ ಎಳೆಯುವ ಜಾಗ ವಿಶಾಲವಾಗಿ ಸೆಳೆತ ಮೆದುವಾಗುತ್ತದೆ, ಮಳೆಗಾಲದ ಗೊದಮೊಟ್ಟೆಗಳೂ ಉಳಿದುಕೊಳ್ಳುತ್ತವೆ. ಕ್ರೇಟನ್ನು ತಳಕ್ಕೆ ಇಡಬೇಡಿ, ಹೂಳು ಎಳೆಯುತ್ತದೆ. ಇಟ್ಟಿಗೆ ಮೇಲೆ ಅರ್ಧ ಅಡಿ ಎತ್ತರಿಸಿ. ರಾತ್ರಿ ಎಲ್ಲಾದರೂ ಪೈಪು ಕಳಚಿಕೊಂಡು ನೀರೆಲ್ಲ ಆಚೆ ಹೋದರೂ ಮೀನಿಗೆ ಅಷ್ಟು ನೀರು ಮಿಕ್ಕಿರುತ್ತದೆ.

ಬಯಲುಸೀಮೆ ಕಡೆ, ಅರಸೀಕೆರೆ, ಕಡೂರಿನ ಗಡಸು ಬೋರ್‌ವೆಲ್ ನೀರಿನಲ್ಲಿ ತೊಂದರೆ ಬೇರೆ: ಇಂಪೆಲ್ಲರಿಗೆ ಬಿಳಿ ಸುಣ್ಣ ಕಟ್ಟುತ್ತದೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆದು ಹಾಕಿ. ಮಲೆನಾಡಿನ ಮೆದು ನೀರಿಗೆ ಈ ಕಾಟವಿಲ್ಲ. ಆದರೆ ಅಂಥ ನೀರು ತಾಮ್ರ, ಹಿತ್ತಾಳೆಯನ್ನು ಸುಲಭವಾಗಿ ಕರಗಿಸಿಕೊಳ್ಳುತ್ತದೆ, ತಾಮ್ರ ಸೀಗಡಿಗೆ, ಬಸವನಹುಳುವಿಗೆ ವಿಷ. ಫಿಟ್ಟಿಂಗ್ ಎಲ್ಲ ಪ್ಲಾಸ್ಟಿಕ್ಕಿನದೇ ಇರಲಿ.

ಜೂನ್ ಬಂತೆಂದರೆ ಸಕಲೇಶಪುರ, ಮೂಡಿಗೆರೆ ಕಡೆ ಮರ ಬಿದ್ದು ಲೈನು ಹೋಗುವುದು ಹೊಸತಲ್ಲ. 150 ಎಎಚ್ ಬ್ಯಾಟರಿಯಲ್ಲಿ ಬೇರೇನೂ ಹಾಕದಿದ್ದರೆ 80 ವ್ಯಾಟ್ ಪಂಪು ಸುಮಾರು 12 ಗಂಟೆ ಓಡುತ್ತದೆ. ಇನ್ವರ್ಟರ್ ಸೈನ್ ವೇವ್ ಆಗಿರಬೇಕು, ಸ್ಕ್ವೇರ್ ವೇವ್‌ನಲ್ಲಿ ಪಂಪು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಗಾಜಿನ ತೊಟ್ಟಿಗೆ ಬ್ಯಾಟರಿಯ ಏರ್ ಪಂಪು ಸಾಕು. ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್) ತುಂಬ ಹೊತ್ತು ನಿಂತಿದ್ದರೆ ಕರೆಂಟು ಬಂದ ಕೂಡಲೇ ಹಾಗೇ ಚಾಲೂ ಮಾಡಬೇಡಿ. ಒಳಗಿನ ಕೊಳೆತ ನೀರನ್ನು ಮೊದಲು ಬಕೆಟ್ಟಿಗೆ ಬಿಟ್ಟು ಚೆಲ್ಲಿ.

ಕೂರಿಸುವಾಗ, ಕೆಟ್ಟಾಗ

30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ ಸ್ವಿಚ್) ಇಲ್ಲದ ಲೈನಿಗೆ ಕೊಳದ ಪಂಪು ಸಿಕ್ಕಿಸಬೇಡಿ. ಎಂಸಿಬಿ ಇದೆಯಲ್ಲ ಎನ್ನುವ ಉತ್ತರ ಸಾಲದು, ಅದು ವಯರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ವಯರು ಪ್ಲಗ್ಗಿಗಿಂತ ಕೆಳಗೆ ಬಾಗಿ ಮತ್ತೆ ಮೇಲೇರಲಿ, ಆಗ ಹನಿ ಸಾಕೆಟ್ಟಿಗೆ ಹರಿಯದೆ ಕೆಳಗೇ ತೊಟ್ಟಿಕ್ಕುತ್ತದೆ. ನೀರಿಗೆ ಕೈ ಹಾಕುವ ಮುಂಚೆ ಪ್ಲಗ್ಗು ಕೀಳಿ. ಪಂಪನ್ನು ವಯರು ಹಿಡಿದು ಎತ್ತಬೇಡಿ, ನೈಲಾನ್ ಹಗ್ಗ ಕಟ್ಟಿಡಿ.

ಸದ್ದು ಬರುತ್ತಿದೆ, ನೀರಿಲ್ಲ ಎಂದರೆ ಒಳಗೆ ಗಾಳಿ ಸಿಕ್ಕಿರಬಹುದು. ಪ್ಲಗ್ಗು ಕಿತ್ತು, ನೀರೊಳಗೇ ಪಂಪನ್ನು ಓರೆಮಾಡಿ ಅಲುಗಿಸಿದರೆ ಗುಳ್ಳೆ ಹೊರಬರುತ್ತದೆ. ಆಗಲೂ ಆಗದಿದ್ದರೆ ಇಂಪೆಲ್ಲರ್ ಕಚ್ಚಿಕೊಂಡಿದೆ. ಹೊರಗೆಳೆದು ನೋಡಿ, ಮ್ಯಾಗ್ನೆಟ್ ಉಬ್ಬಿ ಬಿರುಕು ಬಿಟ್ಟಿದ್ದರೆ ಇಂಪೆಲ್ಲರ್ ಬದಲಿಸಬೇಕು. ಗಟಗಟ ಸದ್ದು ಬಂದರೆ ಇಂಪೆಲ್ಲರ್ ತಿರುಗುವ ಸೆರಾಮಿಕ್ ಕಡ್ಡಿ ಮುರಿದಿದೆ, ಇಲ್ಲವೇ ಅದರ ತುದಿಯ ರಬ್ಬರ್ ಬುಷ್ ಬಿದ್ದುಹೋಗಿದೆ. ಮೆಣಸಿನ ಕಾಳಿನಷ್ಟು ಚಿಕ್ಕದು ಅದು, ತೊಳೆಯುವಾಗ ಸಿಂಕಿನಲ್ಲಿ ಹರಿದುಹೋಗುತ್ತದೆ, ಹಾಗಾಗಿ ತಟ್ಟೆಯೊಳಗೆ ಬಿಚ್ಚಿ. ಸದ್ದೇ ಇಲ್ಲ, ಪ್ಲಗ್ಗಿಗೆ ಕರೆಂಟು ಬರುತ್ತಿದೆ ಎಂದರೆ ಕಾಯಿಲ್ ಸುಟ್ಟಿದೆ. ರಾಳ ಸುರಿದ ಪಂಪಿಗೆ ವೈಂಡಿಂಗ್ ಮಾಡಲಾಗದು, ಹೊಸದೇ ಗತಿ. ನೀರು ಇಳಿದು ಒಣಗಿ ಓಡಿದ್ದೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಬೇಸಿಗೆಯಲ್ಲಿ ಕೊಳದ ಮಟ್ಟದ ಮೇಲೆ ಕಣ್ಣಿಡಿ.

ಪಂಪು ಕೂರಿಸಿದ ದಿನವೇ ಜಲಪಾತದ ಬಾಯಿಗೆ 20 ಲೀಟರ್ ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬಿತು ನೋಡಿ. 72,000ವನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಯ ಲೀಟರ್: 17 ಸೆಕೆಂಡಿಗೆ ತುಂಬಿದರೆ ಸುಮಾರು 4235. ಆ ಅಂಕಿಯನ್ನು ಸ್ವಿಚ್ ಬೋರ್ಡಿನ ಪಕ್ಕ ಬರೆದಿಡಿ. ತಿಂಗಳಿಗೊಮ್ಮೆ ಮತ್ತೆ ಅಳೆದು, ಕಾಲು ಭಾಗ ಕಡಿಮೆಯಾಗಿದ್ದರೆ ಕ್ರೇಟು ಬಿಚ್ಚಿ ತೊಳೆಯಿರಿ.