ಜೇಬು ಗಡಿಯಾರದ ಮೇಲಿನ ಹೆಸರು ಯಾರದು? ಮೊದಲ ಒಡೆಯರನ್ನು ಪತ್ತೆ ಹಚ್ಚುವ ಬಗೆ

ಹಳೆಯ ಜೇಬು ಗಡಿಯಾರವೊಂದು ಕೈಗೆ ಬಂದು, ಅದರ ಮುಚ್ಚಳದ ಮೇಲೆ ಒಂದು ಹೆಸರೋ ಇನಿಷಿಯಲ್ಲುಗಳೋ ಕಂಡ ಕೂಡಲೇ ಆ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಲು ಕೂರುವುದು ಸಹಜ. ಹುಡುಕಾಟ ದಾರಿ ತಪ್ಪುವುದೂ ಬಹುಪಾಲು ಅಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಾಗಲಿ ಅಮೆರಿಕದಲ್ಲಾಗಲಿ ಒಂದೇ ಹೆಸರಿನವರು ನೂರಾರು ಮಂದಿ ಸಿಗುತ್ತಾರೆ. ಅವರಲ್ಲಿ ನಮಗೆ ಬೇಕಾದವರು ಯಾರೆಂದು ತೀರ್ಮಾನಿಸಲು ಆಧಾರ ಕೊಡಬೇಕಾದದ್ದು ಗಡಿಯಾರವೇ. ಆದ್ದರಿಂದ ಮೊದಲು ಗಡಿಯಾರದ ಕಾಲ ಮತ್ತು ಮೂಲವನ್ನು, ಆಮೇಲೆ ಕೆತ್ತನೆಯ ಸಂದರ್ಭವನ್ನು, ಕಡೆಯಲ್ಲಿ ಹೆಸರನ್ನು ಬೆನ್ನು ಹತ್ತುವುದು ಸರಿಯಾದ ಕ್ರಮ.

ಮುಟ್ಟುವ ಮುನ್ನ

ಕೆತ್ತನೆ ಚೆನ್ನಾಗಿ ಕಾಣಲೆಂದು ಪಾಲಿಶ್ ಹಾಕಿ ಉಜ್ಜಬಾರದು. ಬೆಳ್ಳಿ ಮತ್ತು ಚಿನ್ನ ಮೆತ್ತನೆಯ ಲೋಹಗಳು. ಪ್ರತಿ ಸಲ ಉಜ್ಜಿದಾಗಲೂ ಅಕ್ಷರದ ಅಂಚು ಸವೆಯುತ್ತದೆ. ಅದರ ಬದಲು ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬೆಳಕನ್ನು ಮುಚ್ಚಳಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಪಕ್ಕದಿಂದ ಬೀಳುವಂತೆ ಹಿಡಿದು, ದಿಕ್ಕು ಬದಲಿಸುತ್ತಾ ಹಲವು ಫೋಟೊ ತೆಗೆಯಬೇಕು. ಬರಿಗಣ್ಣಿಗೆ ನುಣುಪಾಗಿ ಕಾಣುವ ಜಾಗದಲ್ಲಿಯೂ ಗೆರೆಗಳು ನೆರಳಾಗಿ ಎದ್ದು ಬರುವುದುಂಟು.

ಹಿಂಬದಿಯ ಮುಚ್ಚಳ ಕೆಲವು ಗಡಿಯಾರಗಳಲ್ಲಿ ಅಂಚಿನ ಸಣ್ಣ ತುಟಿಯನ್ನು ಉಗುರಿನಿಂದ ಎತ್ತಿದರೆ ತೆರೆಯುತ್ತದೆ, ಕೆಲವುಗಳಲ್ಲಿ ಡಬ್ಬಿಯ ಮುಚ್ಚಳದಂತೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಚಾಕು ತೂರಿಸುವುದಂತೂ ಬೇಡ. ಬಗ್ಗದಿದ್ದರೆ ಗಡಿಯಾರ ರಿಪೇರಿ ಬಲ್ಲವರ ಕೈಗೆ ಕೊಡುವುದೇ ಲೇಸು. ಹಿಂಬದಿ ತೆರೆದ ಮೇಲೆ ಎಷ್ಟೋ ಗಡಿಯಾರಗಳಲ್ಲಿ ಇನ್ನೊಂದು ಒಳಮುಚ್ಚಳವಿರುತ್ತದೆ. ಉಡುಗೊರೆಯ ಒಕ್ಕಣೆಯನ್ನು ಹೆಚ್ಚಾಗಿ ಕೆತ್ತಿಸುತ್ತಿದ್ದುದು ಆ ಒಳಮುಚ್ಚಳದ ಮೇಲೆ. ಹೊರಗೆ ಬರೀ ಹೆಣೆದುಕೊಂಡ ಇನಿಷಿಯಲ್ಲುಗಳಿದ್ದು, ಒಳಗೆ ಪೂರ್ತಿ ಹೆಸರು, ಊರು, ತಾರೀಖು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಗಡಿಯಾರದ ವಯಸ್ಸು

ಕವಚದ ಮೇಲೆ ಒಂದು ಸಂಖ್ಯೆ, ಒಳಗಿನ ಯಂತ್ರದ ಮೇಲೆ ಇನ್ನೊಂದು ಸಂಖ್ಯೆ ಇರಬಹುದು. ಇವೆರಡನ್ನು ಬೆರೆಸಬಾರದು. ವಾಲ್ಥಮ್, ಎಲ್ಜಿನ್‌ನಂಥ ಅಮೆರಿಕದ ಕಾರ್ಖಾನೆಗಳ ಯಂತ್ರಗಳನ್ನು ಬಹುತೇಕ ಕವಚದಿಂದ ಬೇರೆಯಾಗಿಯೇ ಮಾರುತ್ತಿದ್ದರು. ಗಿರಾಕಿ ಒಂದು ಯಂತ್ರ, ಒಂದು ಕವಚ ಆರಿಸಿಕೊಂಡರೆ ಅಂಗಡಿಯವನು ಎರಡನ್ನೂ ಜೋಡಿಸಿ ಕೊಡುತ್ತಿದ್ದ. ಇಂಥ ಗಡಿಯಾರದ ತಯಾರಿಕೆಯ ವರ್ಷವನ್ನು ಯಂತ್ರದ ಕ್ರಮಸಂಖ್ಯೆಯಿಂದ ಅಂದಾಜು ಮಾಡಬಹುದು, ಅದಕ್ಕೆ ಬೇಕಾದ ಪಟ್ಟಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಬ್ರಿಟಿಷ್ ಬೆಳ್ಳಿಯ ಕವಚವಾದರೆ ಹಾಲ್‌ಮಾರ್ಕ್ ನೋಡಬೇಕು: ನಡೆಯುತ್ತಿರುವ ಸಿಂಹ ಬೆಳ್ಳಿಯ ಶುದ್ಧತೆಗೆ, ಬೆಳ್ಳಿಯ ಪರೀಕ್ಷೆ ನಡೆದ ಊರುಗಳ ಪೈಕಿ ಲಂಗರು ಬರ್ಮಿಂಗ್‌ಹ್ಯಾಮಿಗೆ, ಚಿರತೆಯ ತಲೆ ಲಂಡನ್ನಿಗೆ, ಕತ್ತಿ ಮತ್ತು ಮೂರು ತೆನೆಕಟ್ಟು ಚೆಸ್ಟರಿಗೆ ಗುರುತು. ಜೊತೆಗಿರುವ ಒಂಟಿ ಅಕ್ಷರ ವರ್ಷವನ್ನು ಹೇಳುತ್ತದೆ. ಆದರೆ ಅದೇ ಅಕ್ಷರ ಸುತ್ತು ಹಾಕಿ ಮತ್ತೆ ಬರುವುದರಿಂದ ಅದರ ಬರವಣಿಗೆಯ ಶೈಲಿಯನ್ನೂ ಸುತ್ತಲಿನ ಚೌಕಟ್ಟಿನ ಆಕಾರವನ್ನೂ ಪಟ್ಟಿಯೊಂದಿಗೆ ಹೋಲಿಸಿ ನೋಡದೆ ವರ್ಷ ನಿರ್ಧರಿಸಲಾಗದು. ಸ್ವಿಸ್ ಬೆಳ್ಳಿಯಲ್ಲಿ ಕರಡಿಯ ಮುದ್ರೆಯಿದ್ದರೆ 0.875, ಕಾಡುಕೋಳಿಯಂಥ ಹಕ್ಕಿಯ ಮುದ್ರೆಯಿದ್ದರೆ 0.800 ಶುದ್ಧತೆ, ಈ ಪದ್ಧತಿ 1880ರ ದಶಕದ ಆರಂಭದಿಂದ ಈಚಿನದು.

ಒಳಮುಚ್ಚಳದ ಮೇಲೆ ಪದಕಗಳ ಚಿತ್ರದೊಂದಿಗೆ 1878, 1889 ಎಂಬಂಥ ವರ್ಷಗಳಿದ್ದರೆ ಅವು ತಯಾರಕರು ವಸ್ತುಪ್ರದರ್ಶನಗಳಲ್ಲಿ ಬಹುಮಾನ ಗೆದ್ದ ವರ್ಷಗಳು, ಒಡೆಯರ ಬಾಳಿನ ತಾರೀಖುಗಳಲ್ಲ. ಗಡಿಯಾರ ಆ ಪೈಕಿ ಕೊನೆಯ ವರ್ಷಕ್ಕಿಂತ ಹಿಂದಿನದಲ್ಲ ಎನ್ನುವಷ್ಟನ್ನು ಮಾತ್ರ ಅವು ತಿಳಿಸುತ್ತವೆ. ಹಾಗೆಯೇ ಮುಖಫಲಕದ ಮೇಲಿನ ಹೆಸರು ತಯಾರಕರದು ಅಥವಾ ಮಾರಿದ ಅಂಗಡಿಯವರದು. ಅಂಗಡಿಯ ಹೆಸರಿನೊಂದಿಗೆ ಊರೂ ಇದ್ದರೆ ಅದು ದೊಡ್ಡ ಸುಳಿವು, ಏಕೆಂದರೆ ಗಡಿಯಾರ ಕೊಂಡವರು ಆ ಊರಿನ ಆಸುಪಾಸಿನವರಾಗಿರುವ ಸಂಭವ ಹೆಚ್ಚು.

ಹಿಂಬದಿಯ ಒಳಮೈಯಲ್ಲಿ ಸೂಜಿಯಿಂದ ಗೀಚಿದಂತೆ ಕಾಣುವ ಪುಟ್ಟ ಅಕ್ಷರ, ಅಂಕಿಗಳು ಸಾಮಾನ್ಯವಾಗಿ ರಿಪೇರಿ ಮಾಡಿದವರ ಗುರುತುಗಳು. ಇದಕ್ಕೆ ಅಬ್ರಹಾಂ ಲಿಂಕನ್ನರ ಚಿನ್ನದ ಗಡಿಯಾರಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ವಾಷಿಂಗ್ಟನ್ನಿನಲ್ಲಿ ಅದನ್ನು ರಿಪೇರಿ ಮಾಡುತ್ತಿದ್ದ ಜೊನಾಥನ್ ಡಿಲ್ಲನ್, ಅಮೆರಿಕದ ಅಂತರ್ಯುದ್ಧ ಆರಂಭವಾದ ಸುದ್ದಿ ಕೇಳಿ, 1861ರ ಏಪ್ರಿಲ್ 13ರ ತಾರೀಖಿನೊಂದಿಗೆ ಯಂತ್ರದ ತಗಡಿನ ಮೇಲೆ ತನ್ನ ಹೆಸರನ್ನೂ ಒಂದೆರಡು ಮಾತನ್ನೂ ಗೀಚಿದ್ದ. 2009ರಲ್ಲಿ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದವರು ಬಿಚ್ಚಿಸಿ ನೋಡಿದಾಗ ಆ ಬರಹ ಸಿಕ್ಕಿತು, ಅದರೊಂದಿಗೆ ಇನ್ನೊಬ್ಬ ಕುಶಲಕರ್ಮಿ 1864ರಲ್ಲಿ ಗೀಚಿದ ಹೆಸರೂ ಸಿಕ್ಕಿತು. ಒಡೆಯರು ಯಾರೆಂದು ಗೊತ್ತಿಲ್ಲದವರ ಕೈಗೆ ಆ ಯಂತ್ರವಷ್ಟೇ ಸಿಕ್ಕಿದ್ದರೆ ಡಿಲ್ಲನ್ನನನ್ನೇ ಒಡೆಯನೆಂದು ನಂಬಿಬಿಡುತ್ತಿದ್ದರು.

ಕೆತ್ತನೆಯನ್ನು ಓದುವುದು

ಈಗ ಕೆತ್ತನೆಯ ತಾರೀಖನ್ನು ಗಡಿಯಾರದ ವಯಸ್ಸಿನ ಪಕ್ಕದಲ್ಲಿಡಿ. ತಯಾರಾದ ಕೆಲವೇ ವರ್ಷಗಳಲ್ಲಿ ಕೆತ್ತನೆಯಾಗಿದ್ದರೆ ಹೆಸರು ಮೊದಲ ಒಡೆಯರದಾಗಿರುವ ಸಾಧ್ಯತೆ ಬಲವಾಗಿದೆ. ಮೂವತ್ತು ವರ್ಷ ತಡವಾಗಿ ಕೆತ್ತಿದ್ದರೆ ಅದು ತಂದೆಯಿಂದ ಮಗನಿಗೆ ಬಂದದ್ದೋ, ಸೆಕೆಂಡ್‌ಹ್ಯಾಂಡ್ ಕೊಂಡದ್ದೋ ಇರಬಹುದು. ತಾರೀಖು ಗಡಿಯಾರಕ್ಕಿಂತ ಹಿಂದಿನದಾದರೆ ಎರಡು ಸಾಧ್ಯತೆಗಳನ್ನು ಯೋಚಿಸಬೇಕು: ಹುಟ್ಟಿದ ಇಲ್ಲವೇ ಮದುವೆಯಾದ ದಿನವನ್ನು ನೆನಪಿಗಾಗಿ ಆಮೇಲೆ ಕೆತ್ತಿಸಿರಬಹುದು, ಅಥವಾ ಹಳೆಯ ಕವಚಕ್ಕೆ ಹೊಸ ಯಂತ್ರ ಕೂರಿಸಿರಬಹುದು. ಚಿನ್ನದ ಕವಚಗಳನ್ನು ಕರಗಿಸಲು ಮಾರಿ, ಯಂತ್ರವನ್ನು ಬೇರೆ ಕವಚಕ್ಕೆ ಹಾಕುವುದು ಮಾಮೂಲಾಗಿದ್ದುದರಿಂದ ಇಂಥ ಕಲಬೆರಕೆ ಅಪರೂಪವೇನಲ್ಲ.

ಹೆಸರಿಗಿಂತ ಸಂದರ್ಭ ಹೆಚ್ಚು ಉಪಯುಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಇಪ್ಪತ್ತೈದು ವರ್ಷಗಳ ಸೇವೆಗಾಗಿ ಗಣಿ ಕಾರ್ಮಿಕರಿಂದ’ ಎಂಬ ಒಂದು ಸಾಲಿದ್ದರೆ ವೃತ್ತಿ, ಸಂಸ್ಥೆ, ಸುಮಾರು ವಯಸ್ಸು ಮೂರೂ ಒಟ್ಟಿಗೆ ಸಿಕ್ಕಿಬಿಡುತ್ತವೆ. ಮೂಲೆಮಟ್ಟ ಮತ್ತು ಕೈವಾರದ ಚಿತ್ರವಿದ್ದರೆ ಫ್ರೀಮೇಸನ್ ಸಂಘದ ಸದಸ್ಯತ್ವ ಪಟ್ಟಿಗಳ ಕಡೆ ತಿರುಗಬಹುದು. ಆದರೆ ಬ್ರಿಟಿಷ್ ಸರ್ಕಾರದ ಬಾಣದ ಗುರುತೂ ‘ಜಿ.ಎಸ್.ಟಿ.ಪಿ.’ ಅಕ್ಷರಗಳೂ ಇದ್ದರೆ ಅದು ಎರಡನೆಯ ಮಹಾಯುದ್ಧದ ಸೇನಾ ಸ್ವತ್ತು. ಅದರ ಸಂಖ್ಯೆ ದಾಸ್ತಾನಿನದೇ ಹೊರತು ಸೈನಿಕನದಲ್ಲ.

ದಾಖಲೆಗಳಲ್ಲಿ ಹುಡುಕಾಟ

ಉಡುಗೊರೆ ಸಮಾರಂಭಗಳನ್ನು ಅಂದಿನ ಊರ ಪತ್ರಿಕೆಗಳು ಉತ್ಸಾಹದಿಂದ ವರದಿ ಮಾಡುತ್ತಿದ್ದವು. ಅಮೆರಿಕದ ‘ಕ್ರಾನಿಕ್ಲಿಂಗ್ ಅಮೆರಿಕ’, ಆಸ್ಟ್ರೇಲಿಯದ ‘ಟ್ರೋವ್’, ನ್ಯೂಜಿಲೆಂಡಿನ ‘ಪೇಪರ್ಸ್ ಪಾಸ್ಟ್’ ಸಂಗ್ರಹಗಳನ್ನು ಉಚಿತವಾಗಿ ನೋಡಬಹುದು. ಹಳೆಯ ಅಚ್ಚನ್ನು ಕಂಪ್ಯೂಟರ್ ಓದಿ ಅಕ್ಷರಕ್ಕಿಳಿಸುವಾಗ ಹೆಸರುಗಳು ಕೆಡುವುದು ಹೆಚ್ಚಾದ್ದರಿಂದ ಬರೀ ಹೆಸರನ್ನು ಕೊಟ್ಟು ಕೈಚೆಲ್ಲಬಾರದು. ಊರು, ಸಂಸ್ಥೆ, ‘ಚಿನ್ನದ ಗಡಿಯಾರ’ ಎಂಬ ಪದಗಳನ್ನು ಆಯಾ ಭಾಷೆಯಲ್ಲಿ ಕೊಟ್ಟು, ಕೆತ್ತನೆಯ ತಾರೀಖಿನ ಆಚೀಚೆಯ ವಾರಗಳನ್ನು ಜಾಲಾಡಬೇಕು.

ಆಮೇಲೆ ಜನಗಣತಿ. ಬ್ರಿಟನ್ನಿನ ಗಣತಿ ಹಾಳೆಗಳು ಗಣತಿಯಾಗಿ ನೂರು ವರ್ಷ ಕಳೆದ ಮೇಲೆ, ಅಮೆರಿಕದವು ಎಪ್ಪತ್ತೆರಡು ವರ್ಷ ಕಳೆದ ಮೇಲೆ ಸಾರ್ವಜನಿಕರಿಗೆ ತೆರೆಯುತ್ತವೆ. ಅಮೆರಿಕದ 1890ರ ಗಣತಿಯ ಬಹುಭಾಗ 1921ರ ಬೆಂಕಿಯಿಂದಾಗಿ ನಷ್ಟವಾಗಿದೆ. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು, ಹಾಗಾಗಿ ಅಲ್ಲಿ ಹೆಸರು ಸಿಗದಿದ್ದರೆ ಪದಕಗಳ ಸೂಚಿಯನ್ನು ನೋಡಬೇಕು. ತಯಾರಕರಿಗೆ ಬರೆದರೂ ಒಡೆಯರ ಹೆಸರು ಸಿಗುವುದು ಕಷ್ಟ: ಲಾಂಜಿನ್ ಕಂಪನಿಯ ಹಳೆಯ ದಾಖಲೆ ಹೆಚ್ಚಾಗಿ ಗಡಿಯಾರ ಯಾವ ವ್ಯಾಪಾರಿಗೆ, ಎಂದು ಹೋಯಿತೆಂಬಲ್ಲಿಗೆ ನಿಲ್ಲುತ್ತದೆ, ಪಾಟೆಕ್ ಫಿಲಿಪ್ ಕೊಡುವ ದಾಖಲೆಯ ಪ್ರತಿಯಲ್ಲಿ ಕೊಂಡವರ ಹೆಸರಿರುವುದಿಲ್ಲ.

ಒಂದೇ ಹೆಸರಿನ ಹಲವರು ಸಿಕ್ಕಿದಾಗ ಪ್ರತಿಯೊಬ್ಬರಿಗೂ ಹುಟ್ಟು, ವಾಸ, ಕಸುಬು, ಸಾವು ಎಂದು ಒಂದೊಂದು ಸಾಲು ಬರೆದು, ಗಡಿಯಾರಕ್ಕೆ ಹೊಂದದವರನ್ನು ಹೊಡೆದುಹಾಕುತ್ತಾ ಬನ್ನಿ. ಕೆತ್ತನೆಯ ದಿನ ಹತ್ತು ವರ್ಷದವನಾಗಿದ್ದವನು ನಿವೃತ್ತಿಯ ಉಡುಗೊರೆ ಪಡೆದಿರಲಾರ. ಕೊನೆಗೆ ಉಳಿದವರು ಒಬ್ಬರೇ ಆದರೂ, ಕನಿಷ್ಠ ಎರಡು ಬೇರೆ ಬೇರೆ ದಾಖಲೆಗಳು ಒಪ್ಪುವ ತನಕ ಅವರನ್ನು ‘ಬಹುಶಃ’ ಎಂದೇ ಬರೆದಿಟ್ಟುಕೊಳ್ಳಬೇಕು.

ವಂಶಸ್ಥರತ್ತ

ಅಲ್ಲಿಂದ ಕೆಳಗಿಳಿಯಲು ಮರಣವಾರ್ತೆಗಳು ಮತ್ತು ಉಯಿಲುಗಳು ಒಳ್ಳೆಯ ಮೆಟ್ಟಿಲುಗಳು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಉಯಿಲುಗಳಿಗೆ 1858ರಿಂದ ಈಚೆಗೆ ಒಂದೇ ಸೂಚಿಯಿದೆ. ಗಡಿಯಾರ ಯಾರಿಗೆ ಹೋಗಬೇಕೆಂದು ಉಯಿಲಿನಲ್ಲಿಯೇ ಬರೆದಿರುವುದೂ ಉಂಟು. ಬದುಕಿರುವವರ ಹೆಸರು ಸಿಕ್ಕಿದಾಗ ಅದನ್ನು ಎಲ್ಲರೂ ನೋಡುವಂತೆ ಪ್ರಕಟಿಸದೆ, ನೇರವಾಗಿ ಒಂದು ಸೌಜನ್ಯದ ಪತ್ರ ಬರೆಯಿರಿ. ಆ ಪತ್ರದೊಂದಿಗೆ ಗಡಿಯಾರದ ಮುಂಭಾಗದ ಫೋಟೊ ಮಾತ್ರ ಇರಲಿ, ಒಳಗಿನ ಒಕ್ಕಣೆ ನಿಮ್ಮಲ್ಲೇ ಉಳಿಯಲಿ. ಮನೆತನದವರು ಅದರಲ್ಲಿ ಏನು ಬರೆದಿತ್ತು, ಯಾರು ಕೊಟ್ಟದ್ದು, ಯಾವಾಗ ಕೈಬಿಟ್ಟಿತು ಎಂಬುದರಲ್ಲಿ ಒಂದನ್ನಾದರೂ ತಾವಾಗಿ ಹೇಳಿದರೆ ಗುರುತು ಗಟ್ಟಿಯಾಗುತ್ತದೆ. ಅದು ಕಳುವಾದ ವಸ್ತು ಎಂದು ಅವರು ಹೇಳಿದ ಪಕ್ಷದಲ್ಲಿ, ನೀವು ಕೊಂಡ ರಸೀದಿಯನ್ನು ಜೊತೆಗಿಟ್ಟುಕೊಂಡು, ಕಾನೂನು ಬಲ್ಲವರೊಬ್ಬರ ಸಲಹೆ ಪಡೆದ ಮೇಲೆಯೇ ಮುಂದಿನ ಉತ್ತರ ಬರೆಯಬೇಕು.