ಕಾಡ್ಗಿಚ್ಚು ಗುಡ್ಡದಾಚೆ, ಹೊಗೆ ಮನೆಯೊಳಗೆ: ಈಗ ಏನು ಮಾಡಬೇಕು?

ಬೆಂಕಿ ಇನ್ನೂ ಗುಡ್ಡದಾಚೆ ಇದೆ, ನಮಗೇನೂ ಆಗಲ್ಲ ಅಂತ ಸುಮ್ನೆ ಕೂರಬೇಡಿ. ಬೆಂಕಿಗಿಂತ ಮೊದಲು ಮನೆಗೆ ಬರುವುದು ಹೊಗೆ. ಅದರಲ್ಲಿ ಜಾಸ್ತಿ ಕೆಡುಕು ಮಾಡುವುದು ಪಿಎಂ 2.5 ಕಣ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್, ಈ ಕಣ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದು. ಮೂಗಿಗೂ ಸಿಗದೆ, ಗಂಟಲಿಗೂ ಸಿಗದೆ ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ.

ಇಡೀ ಮನೆಯನ್ನು ಕಾಪಾಡಲು ಹೋಗಬೇಡಿ, ಆಗುವುದಿಲ್ಲ. ಒಂದೇ ಕೋಣೆ ಆರಿಸಿಕೊಳ್ಳಿ. ಕಿಟಕಿ ಕಡಿಮೆ ಇರಬೇಕು, ಮನೆಯವರೆಲ್ಲ ಮಲಗುವಷ್ಟು ಜಾಗ ಇರಬೇಕು. ಟಿಶ್ಯೂ ಕಾಗದದ ತೆಳು ಪಟ್ಟಿಯೊಂದನ್ನು ಹರಿದು, ಕಿಟಕಿಯ ಚೌಕಟ್ಟಿನ ಉದ್ದಕ್ಕೂ, ಬಾಗಿಲ ಕೆಳಗೂ ನಿಧಾನವಾಗಿ ಸರಿಸುತ್ತಾ ಹೋಗಿ. ಅದು ಎಲ್ಲಿ ನಡುಗುತ್ತದೋ ಅಲ್ಲಿಂದ ಗಾಳಿ ನುಗ್ಗುತ್ತಿದೆ, ಗಾಳಿ ಬಂದ ಮೇಲೆ ಹೊಗೆಯೂ ಬಂತು ಅಲ್ವಾ? ಕಿಟಕಿ ಸಂದಿಗೆ ಟೇಪ್ ಹಚ್ಚಿ. ಬಾಗಿಲಿಗೆ ಮಾತ್ರ ಟೇಪ್ ಬೇಡ, ಕೆಳಗೆ ಒದ್ದೆ ಟವೆಲ್ ಒತ್ತಿಟ್ಟರೆ ಸಾಕು. ರಾತ್ರಿ ಎದ್ದು ಓಡಬೇಕಾಗಿ ಬರಬಹುದು.

ಹೆಪಾ ಫಿಲ್ಟರ್ (ಇಂಥ ಸಣ್ಣ ಕಣವನ್ನೂ ಹಿಡಿಯುವ ಜಾಲರಿ) ಇರುವ ಏರ್ ಪ್ಯೂರಿಫೈಯರ್ ಇದ್ದರೆ ಆ ಕೋಣೆಯಲ್ಲೇ ಹಗಲು ರಾತ್ರಿ ಓಡಿಸಿ. ಎಸಿ ಹೊರಗಿನ ಗಾಳಿ ಎಳೆಯುವಂಥದ್ದಾದರೆ ಆ ಎಳೆತವನ್ನು ನಿಲ್ಲಿಸಿ, ಒಳಗಿನ ಗಾಳಿಯೇ ತಿರುಗುವ ಹಾಗೆ ಇಡಿ. ಕಾರಿನಲ್ಲೂ ಹಾಗೆಯೇ. ಕೋಣೆಯೊಳಗೆ ಸಿಗರೇಟು, ಮೇಣದಬತ್ತಿ ಬೇಡ. ಅಡುಗೆಮನೆಯಲ್ಲಿ ಕರಿಯುವುದು, ಹುರಿಯುವುದೂ ಬೇಡ, ಆ ಹೊಗೆಯಲ್ಲೂ ಇದೇ ಕಣ ಇರುತ್ತದೆ. ಸೆಕೆ ತಡೆಯಲಾಗದಿದ್ದರೆ ಮುಚ್ಚಿದ ಕೋಣೆಯಲ್ಲಿ ಬೇಯಬೇಡಿ. ತಂಪಾದ, ಶುದ್ಧ ಗಾಳಿಯ ಜಾಗಕ್ಕೆ ಹೋಗಿ. ಹೊರಗೆ ಹೊಗೆ ತಗ್ಗಿದಾಗ ಕಿಟಕಿ ತೆಗೆದು ಮನೆಗೆ ಗಾಳಿ ಆಡಿಸಿ.

ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್ ಹಾಕಿ. ಒದ್ದೆ ಕರವಸ್ತ್ರವನ್ನು ನಂಬಬೇಡಿ, ಅದು ಸಣ್ಣ ಕಣ ತಡೆಯುವುದಿಲ್ಲ. ಮೂಗಿನ ಮೇಲಿನ ತಂತಿಯನ್ನು ಎರಡೂ ಕೈಬೆರಳಿನಿಂದ ಒತ್ತಿ, ಜೋರಾಗಿ ಉಸಿರು ಬಿಡಿ. ಕಣ್ಣಿನ ಹತ್ತಿರ ಬೆಚ್ಚಗೆ ಗಾಳಿ ತಾಗಿದರೆ, ಕನ್ನಡಕ ಮಂಜಾದರೆ ಮಾಸ್ಕ್ ಸರಿಯಾಗಿ ಕೂತಿಲ್ಲ. ಗಡ್ಡ ಇದ್ದರಂತೂ ಕೂರುವುದೇ ಇಲ್ಲ. ಎನ್95 ಕಣವನ್ನಷ್ಟೇ ತಡೆಯುತ್ತದೆ, ಕಾರ್ಬನ್ ಮಾನಾಕ್ಸೈಡ್‌ನಂಥ ಅನಿಲವನ್ನಲ್ಲ. ಹಾಗಾಗಿ ಮಾಸ್ಕ್ ಇದೆ ಅಂತ ಬೆಂಕಿಯ ಹತ್ತಿರ ಹೋಗಬೇಡಿ. ಎದೆನೋವು, ಏದುಸಿರು ಕಂಡರೆ ಕಾಯದೆ ಆಸ್ಪತ್ರೆಗೆ ಹೊರಡಿ.

ಇನ್ನು ಮನೆ ಬಿಡುವ ಮಾತು. ಗಾಳಿಗೆ ಹಾರುವ ಕೆಂಡ ಒಂದು ಕಿಲೋಮೀಟರಿಗಿಂತ ಆಚೆಗೂ ಹೋಗಿ ಬೀಳುತ್ತದೆ. ಎಷ್ಟೋ ಮನೆಗಳು ಹೊತ್ತಿಕೊಳ್ಳುವುದು ದೊಡ್ಡ ಜ್ವಾಲೆಯಿಂದಲ್ಲ, ಸೂರಿನ ಮೇಲಿನ ಒಣ ಎಲೆಗೆ ಬಿದ್ದ ಇಂಥ ಕೆಂಡದಿಂದ. ಆದ್ದರಿಂದ ಬೆಂಕಿ ದೂರ ಇರುವಾಗಲೇ ಮಾಡಿನ ಮೇಲಿನ ತರಗೆಲೆ ಗುಡಿಸಿ, ಗೋಡೆಯಿಂದ ಒಂದೂವರೆ ಮೀಟರ್ ಜಾಗದಲ್ಲಿ ಸೌದೆ, ರಟ್ಟು, ಒಣಹುಲ್ಲು ಏನೂ ಇಲ್ಲದ ಹಾಗೆ ಮಾಡಿ. ವಾಹನದ ಮೂತಿ ರಸ್ತೆ ಕಡೆಗಿರಲಿ, ಟ್ಯಾಂಕ್ ತುಂಬಿರಲಿ. ಔಷಧಿ, ಕಾಗದಪತ್ರ, ಚಾರ್ಜರ್, ನೀರು, ಟಾರ್ಚ್ ಒಂದೇ ಚೀಲದಲ್ಲಿರಲಿ, ಶೂ ಹಾಸಿಗೆಯ ಪಕ್ಕದಲ್ಲೇ ಇರಲಿ. ಉದ್ದ ತೋಳಿನ ಹತ್ತಿ ಬಟ್ಟೆ ಹಾಕಿ, ನೈಲಾನ್ ಕಾವಿಗೆ ಕರಗಿ ಮೈಗೆ ಅಂಟುತ್ತದೆ. ಬೆಂಕಿ ಏರಿನಲ್ಲಿ ವೇಗವಾಗಿ ಹತ್ತುತ್ತದೆ, ಕೆಳಗಿನ ಕಣಿವೆ ಹೊತ್ತಿದ್ದರೆ ಮೇಲಿರುವ ನಿಮಗೆ ಸಮಯ ಕಡಿಮೆ.

ಪುಟ್ಟ ಮಕ್ಕಳು, ಬಸುರಿಯರು, ವಯಸ್ಸಾದವರು, ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರು ಮನೆಯಲ್ಲಿದ್ದರೆ ದಯವಿಟ್ಟು ಬೆಂಕಿಗೆ ಕಾಯಬೇಡಿ, ಹೊಗೆ ದಟ್ಟವಾದಾಗಲೇ ಕಳಿಸಿಬಿಡಿ. ಮಿಕ್ಕವರೂ ಅಷ್ಟೇ, ಅಧಿಕಾರಿಗಳು ಹೊರಡಿ ಅಂದ ತಕ್ಷಣ ಹೊರಡಿ. ಭಯವಾದರೆ ಅದಕ್ಕೂ ಮೊದಲೇ ಹೊರಡಿ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ವಾಪಸ್ ಬಂದಾಗ ಬೂದಿಯನ್ನು ಒಣಗಿದ್ದಾಗಲೇ ಗುಡಿಸಬೇಡಿ, ಮತ್ತೆ ಗಾಳಿಗೆ ಎದ್ದು ಎದೆಗೇ ಸೇರುತ್ತದೆ. ಮಾಸ್ಕ್, ಗ್ಲೌಸ್ ಹಾಕಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮುಗಿಯುವವರೆಗೆ ಮಕ್ಕಳನ್ನು ಹತ್ತಿರ ಬಿಡಬೇಡಿ.